ಕಾರುಗಳ ಸುರಕ್ಷತಾ ಪ್ರಮಾಣೀಕರಣ: ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ನಾಂಪಲ್ಲಿ, ಕಾಚಿಗುಡ ಮೊದಲಾದೆಡೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಮದುವೆ, ಮುಂಜಿ, ಜಾತ್ರೆಗಳಿಗಾಗಿ ಬೀದರ, ಕಲಬುರಗಿ, ರಾಯಚೂರುಗಳಿಗೆ ಕಾರಿನಲ್ಲಿಯೇ ಹೋಗಿಬರುವುದುಂಟು. ಕಾರು ಕೊಳ್ಳುವಾಗ ಬೆಲೆ, ಮೈಲೇಜು, ಬಣ್ಣಗಳನ್ನು ಕುರಿತು ಮನೆಮಂದಿಯೆಲ್ಲ ಚರ್ಚಿಸುತ್ತೇವೆ. ಅದು ಯಾವ ಪರೀಕ್ಷೆಗಳನ್ನು ದಾಟಿ ಬಂದಿದೆಯೆಂದು ಕೇಳುವವರು ವಿರಳ. ಸರ್ಕಾರದ ಅನುಮೋದನೆ ಪಡೆದ ಕಾರು ಎಂದರೆ ಏನು, ಆ ಅನುಮೋದನೆಯ ಮಿತಿಯೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೀಡಿದ್ದೇವೆ.

ಕಡ್ಡಾಯ ಅನುಮೋದನೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮದ ಪ್ರಕಾರ, ತಯಾರಕರು ಪ್ರತಿಯೊಂದು ಹೊಸ ಮಾದರಿಯನ್ನೂ ಮಾರಾಟಕ್ಕೆ ಮುನ್ನ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪರೀಕ್ಷೆಗೆ ಒಪ್ಪಿಸಬೇಕು. 1966ರಲ್ಲಿ ಸ್ಥಾಪನೆಯಾದ ಪುಣೆಯ ಎ.ಆರ್.ಎ.ಐ., ಹರಿಯಾಣದ ಮಾನೇಸರದ ಐಕ್ಯಾಟ್ ಇವು ಅಂತಹ ಸಂಸ್ಥೆಗಳು. ಬ್ರೇಕು, ದೀಪ, ಸ್ಟಿಯರಿಂಗ್, ಹೊಗೆಯ ಪ್ರಮಾಣ ಮುಂತಾದವು ಅಲ್ಲಿ ಪರೀಕ್ಷೆಗೊಳಗಾಗುತ್ತವೆ. ಅನುಮೋದನೆ ದೊರೆತ ಮೇಲೂ ಕಾರ್ಖಾನೆಯಿಂದ ಹೊರಬರುವ ವಾಹನಗಳು ಆ ಮಾದರಿಯಂತೆಯೇ ಇವೆಯೇ ಎಂಬ ತಪಾಸಣೆಯನ್ನು 126-ಎ ನಿಯಮ ವಿಧಿಸುತ್ತದೆ.

ಈ ಕನಿಷ್ಠ ಮಟ್ಟ ಹಂತಹಂತವಾಗಿ ಏರಿದೆ. ಗಂಟೆಗೆ 56 ಕಿಲೋಮೀಟರ್ ವೇಗದ ಮುಂಭಾಗದ ಡಿಕ್ಕಿ ಪರೀಕ್ಷೆ ಹಾಗೂ 50 ಕಿಲೋಮೀಟರ್ ವೇಗದ ಪಕ್ಕದ ಡಿಕ್ಕಿ ಪರೀಕ್ಷೆ 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೂ, 2019ರ ಅಕ್ಟೋಬರಿನಿಂದ ಹಳೆಯ ಮಾದರಿಗಳಿಗೂ ಕಡ್ಡಾಯವಾದವು. ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಗಂಟೆ, ವೇಗ ಮೀರಿದಾಗಿನ ಎಚ್ಚರಿಕೆ, ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಇವು 2019ರ ಜುಲೈ 1ರಿಂದ ಎಲ್ಲ ಕಾರುಗಳಿಗೂ ಅನ್ವಯವಾದವು. ಚಾಲಕನ ಪಕ್ಕದ ಆಸನದ ಏರ್‌ಬ್ಯಾಗ್ 2021ರಲ್ಲಿ ಹೊಸ ಮಾದರಿಗಳಿಗೆ ಕಡ್ಡಾಯವಾಗಿ, ಆ ವರ್ಷಾಂತ್ಯದ ಗಡುವಿನೊಂದಿಗೆ ಹಳೆಯ ಮಾದರಿಗಳಿಗೂ ವಿಸ್ತರಿಸಿತು. ಆದ್ದರಿಂದ ಹಳೆಯ ಕಾರನ್ನು ಕೊಳ್ಳುವವರು ಅದು ತಯಾರಾದ ತಿಂಗಳು ಮತ್ತು ವರ್ಷವನ್ನು ಅವಶ್ಯವಾಗಿ ನೋಡಬೇಕು.

ತಾರೆಗಳ ಲೆಕ್ಕ

ಅನುಮೋದನೆ ಎಂಬುದು ಕನಿಷ್ಠ ಅರ್ಹತೆಯೇ ಹೊರತು ಶ್ರೇಷ್ಠತೆಯ ಬಿರುದಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಭಾರತದ ಐದು ಜನಪ್ರಿಯ ಸಣ್ಣ ಕಾರುಗಳನ್ನು 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದಾಗ, ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ತಾರೆ ದೊರೆಯಿತು. ಐದೂ ಕಾನೂನುಬದ್ಧವಾಗಿ ಮಾರಾಟವಾಗುತ್ತಿದ್ದ ಕಾರುಗಳೇ ಆಗಿದ್ದವು. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ಇದು ವಯಸ್ಕರ ಮತ್ತು ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ ಐದರವರೆಗೆ ತಾರೆಗಳನ್ನು ನೀಡುತ್ತದೆ. ಆದರೆ ಇದು ತಯಾರಕರ ಇಚ್ಛೆಗೆ ಬಿಟ್ಟದ್ದು. ತಾರೆಗಳಿಲ್ಲದ ಕಾರು ಕೆಟ್ಟದ್ದೆಂದಲ್ಲ. ಅದನ್ನು ಅಳೆದ ಲೆಕ್ಕ ನಮ್ಮ ಮುಂದಿಲ್ಲ ಎಂದಷ್ಟೇ ಅರ್ಥ.

ಕೊಳ್ಳುವಾಗ, ಕೊಂಡ ಮೇಲೆ

ನೋಂದಣಿಯ ಕಾಗದಗಳಲ್ಲಿ ನಮೂನೆ 21 ಮಾರಾಟದ ಪ್ರಮಾಣಪತ್ರ. ನಮೂನೆ 22 ವಾಹನವು ಮಾಲಿನ್ಯ ಹಾಗೂ ಸುರಕ್ಷತೆಯ ನಿಯಮಗಳಿಗೆ ಒಳಪಟ್ಟಿದೆಯೆಂಬ ತಯಾರಕರ ಪ್ರಮಾಣಪತ್ರ. ಷೋರೂಮಿನವರಿಂದ ಎರಡರ ಪ್ರತಿಯನ್ನೂ ಕೇಳಿ ಪಡೆದು, ಚಾಸಿ ಸಂಖ್ಯೆಯನ್ನು ಕಾರಿನೊಡನೆ ತಾಳೆ ನೋಡುವುದು ಒಳ್ಳೆಯದು.

ಪ್ರಮಾಣಪತ್ರವು ಕಾರ್ಖಾನೆಯಿಂದ ಬಂದ ಸ್ಥಿತಿಯ ಕಾರಿಗೆ ಸಲ್ಲುತ್ತದೆ. ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಹಾಕಿಸಿದರೆ ಡಿಕ್ಕಿಯ ಪೆಟ್ಟು ಹರಡುವ ರೀತಿಯೇ ಬದಲಾಗುತ್ತದೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತು. ಆಸನದ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರುಗಳಿಗೆ ಬಿಗಿಯಾದ ಸೀಟ್ ಕವರು ಹಾಕಿಸಿದರೆ ಅದು ತೆರೆದುಕೊಳ್ಳಲು ಅಡ್ಡಿಯಾಗುತ್ತದೆ.

ಕೊನೆಯದಾಗಿ, ಯಾವ ಸಂಸ್ಥೆಯೂ ನಮ್ಮ ಪರವಾಗಿ ಮಾಡಲಾಗದ ಕೆಲಸವೊಂದಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಸೀಟ್ ಬೆಲ್ಟ್ ಧರಿಸದೆ ಅಪಘಾತಗಳಲ್ಲಿ ಮಡಿದವರು 16,715 ಮಂದಿ. ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಹಿಂದಿನ ಆಸನದಲ್ಲಿ ಅಜ್ಜಿಯ ಮಡಿಲಲ್ಲಿ ಮೊಮ್ಮಗುವನ್ನು ಕೂರಿಸಿಕೊಂಡು ಊರಿಗೆ ಹೊರಡುವುದು ನಮ್ಮ ರೂಢಿ. ಆದರೆ ಡಿಕ್ಕಿಯ ಕ್ಷಣದಲ್ಲಿ ಎಷ್ಟೇ ಬಲಶಾಲಿಯಾದ ತೋಳೂ ಮಗುವನ್ನು ಹಿಡಿದಿಡಲಾರದು. ಮಕ್ಕಳಿಗೆ ತಕ್ಕ ಆಸನ, ಹಿಂದೆ ಕುಳಿತ ಹಿರಿಯರಿಗೂ ಬೆಲ್ಟು: ಇವೆರಡು ಕಾನೂನಿನ ಅಗತ್ಯಗಳೂ ಹೌದು. ಮುಂದಿನ ಬಾರಿ ಊರಿಗೆ ಹೊರಡುವ ಮುನ್ನ ಬಾಂಧವರೆಲ್ಲರೂ ಇದನ್ನು ತಪ್ಪದೆ ಪಾಲಿಸಬೇಕೆಂದು ನಮ್ಮ ವಿನಂತಿ.