ಆಡಿನ ಮೈಬಣ್ಣ

ಆಡಿನ ಕೂದಲ ಬಣ್ಣ ಮತ್ತು ಆ ಬಣ್ಣ ಮೈಮೇಲೆ ಹರಡಿಕೊಂಡಿರುವ ರೀತಿ, ಎರಡೂ ಸೇರಿ ಮೈಬಣ್ಣ ಎನಿಸುತ್ತವೆ. ಹಿಂಡಿನಲ್ಲಿ ಒಂದನ್ನು ಹೆಸರಿಸಿ ಕರೆಯಲು, ಸಂತೆಯಲ್ಲಿ ಚೌಕಾಸಿ ಮಾಡಲು, ಮೇಯಲು ಹೋಗಿ ಮರಳದ್ದನ್ನು ಹುಡುಕಲು ಇದೇ ಮೊದಲ ಗುರುತು. ತಳಿಯನ್ನು ಮಾತ್ರ ಬಣ್ಣವೊಂದರಿಂದಲೇ ಹೇಳಲಾಗದು. ಕರಿ ಆಡನ್ನೆಲ್ಲ ‘ಉಸ್ಮಾನಾಬಾದಿ’ ಎಂದು ಮಾರುವವರಿದ್ದಾರೆ. ಆ ಮಾತು ನಂಬುವ ಮೊದಲು ಕಿವಿ, ಕೊಂಬು, ಕಾಲಿನ ಎತ್ತರ ನೋಡಬೇಕು.

ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯಲ್ಲಿ, ಕುಮುದ್ವತಿ ನದಿಯ ಬದಿಯಲ್ಲಿ, ಮದಗದ ಕೆರೆಗೆ ಹೆಸರಾದ ಮಾಸೂರು ಮಲೆನಾಡು ಮುಗಿದು ಬಯಲು ತೆರೆಯುವ ಜಾಗದಲ್ಲಿದೆ. ಇಂಥ ಊರುಗಳಲ್ಲಿ ಮನೆಮುಂದೆ ಗೂಟಕ್ಕೆ ಕಟ್ಟುವ ಎರಡು ಮೂರು ಆಡುಗಳು ಹೆಚ್ಚಾಗಿ ಜವಾರಿ. ಯಾವ ತಳಿಪಟ್ಟಿಗೂ ಸೇರದವು. ಅವುಗಳಿಗೆ ಬಣ್ಣವೇ ಹೆಸರು: ಕರಿಯಾ, ಕೆಂಪಿ, ಚುಕ್ಕಿ. ‘ನಮ್ಮ ಚುಕ್ಕಿ ಇನ್ನೂ ಬಂದಿಲ್ರೀ, ನಿಮ್ಮ ಹಿಂಡಿನ್ಯಾಗ ಸೇರೈತೇನು ನೋಡ್ರಿ’ ಎಂದರೆ ಓಣಿಯವರಿಗೆ ಅಷ್ಟೇ ಸಾಕು. ಎರಡು ಬಣ್ಣ ದೊಡ್ಡ ದೊಡ್ಡ ತೇಪೆಗಳಾಗಿ ಬಿದ್ದಿದ್ದರೆ ಹಂಡ, ಹಂಡಬಂಡ ಎನ್ನುವುದು ಕನ್ನಡದ ಹಳೆಯ ರೂಢಿ. ಇಂಗ್ಲಿಷ್ ತಳಿಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ಈ ಒಂದು ಮಾತು ಹೇಳಿಬಿಡುತ್ತದೆ.

ಎಷ್ಟೇ ಬಗೆ ಕಂಡರೂ ಮೂಲ ವರ್ಣದ್ರವ್ಯಗಳು ಎರಡೇ. ಕಪ್ಪು ಅಥವಾ ಗಾಢ ಕಂದು ಕೊಡುವುದು ಯೂಮೆಲನಿನ್. ಕೆನೆಯಿಂದ ಕೆಂಪಿನವರೆಗಿನ ಛಾಯೆ ಕೊಡುವುದು ಫಿಯೊಮೆಲನಿನ್. ಬಿಳಿ ಮೂರನೆಯ ಬಣ್ಣವಲ್ಲ. ಕೆಂಪು ತೀರಾ ತಿಳಿಯಾಗಿ ಬಿಳಿಯಂತೆ ಕಾಣುವುದುಂಟು. ವರ್ಣದ್ರವ್ಯವೇ ಇಲ್ಲದೆ ಬಿಳಿಯಾದ ಭಾಗವೂ ಉಂಟು. ಎರಡಕ್ಕೂ ಇರುವ ವ್ಯತ್ಯಾಸ ದೂರದಿಂದ ತಿಳಿಯದು. ಹೆಬ್ಬೆರಳಿನಿಂದ ಕೂದಲು ಬಿಡಿಸಿ ಬುಡದ ಚರ್ಮ ನೋಡಿದರೆ ಒಂದು ಸುಳಿವು ಸಿಗುತ್ತದೆ: ಹಂಡ ಆಡಿನ ಬಿಳಿ ತೇಪೆಯ ಕೆಳಗೆ ಚರ್ಮ ಸಾಮಾನ್ಯವಾಗಿ ನಸುಗೆಂಪು, ಪಕ್ಕದ ಕರಿ ತೇಪೆಯ ಕೆಳಗೆ ಬೂದುಗಪ್ಪು.

ಈ ಎರಡು ದ್ರವ್ಯಗಳು ಮೈಮೇಲೆ ಎಲ್ಲೆಲ್ಲಿ ಬೀಳಬೇಕೆಂದು ಬಹುಮಟ್ಟಿಗೆ ನಿರ್ಧರಿಸುವುದು ಅಗೌಟಿ ಎಂಬ ವಂಶವಾಹಿ. ಬೆನ್ನಿನುದ್ದಕ್ಕೂ ಕರಿಗೆರೆ, ಕರಿ ಹೊಟ್ಟೆ, ಕರಿ ಕಾಲು, ಉಳಿದ ಮೈ ಕೆಂಪು ಅಥವಾ ಕಂದು, ಇದೊಂದು ವಿನ್ಯಾಸ. ಮುಂಭಾಗ ತಿಳಿ, ಹಿಂಭಾಗ ಕರಿ, ಇದು ಇನ್ನೊಂದು. ಹೆಗಲ ಮೇಲೆ ಕರಿ ಕಂಬಳಿ ಹೊದಿಸಿ, ಮುಖದಲ್ಲಿ ಎರಡು ತಿಳಿ ಗೆರೆ ಬಿಟ್ಟಂತಿರುವುದು ಮತ್ತೊಂದು. ಮೈಯೆಲ್ಲ ಕರಿಯಾಗಿ, ಕಣ್ಣಿನ ಮೇಲಿಂದ ಮೂತಿಯವರೆಗೆ ಎರಡು ಬಿಳಿ ಪಟ್ಟೆ, ಮೊಣಕಾಲಿನ ಕೆಳಗೆ ಮತ್ತು ಬಾಲದಡಿ ಬಿಳಿ ಇರುವ ಆಡೂ ಉಂಟು. ಇದನ್ನು ಯುರೋಪಿನಲ್ಲಿ ಮಾತ್ರ ಹುಡುಕಬೇಕಿಲ್ಲ. ಮಹಾರಾಷ್ಟ್ರದ ಸಿಂಧುದುರ್ಗದ ಕೊಂಕಣ ಕನ್ಯಾಳ ತಳಿಯ ಗುರುತು ಹೆಚ್ಚುಕಡಿಮೆ ಇದೇ. ಇವೆಲ್ಲವುಗಳ ಲಕ್ಷಣವೆಂದರೆ ಎಡಬಲ ಒಂದೇ ಸಮ ಇರುವುದು. ಬಲ ಮಗ್ಗುಲು ಎಡ ಮಗ್ಗುಲಿನ ಕನ್ನಡಿಯಂತಿದ್ದರೆ ಅದು ವಿನ್ಯಾಸ. ಬಣ್ಣ ಚೆಲ್ಲಿದಂತೆ ಅಡ್ಡಾದಿಡ್ಡಿ ಇದ್ದರೆ ಅದು ಬಿಳಿ ತೇಪೆಗಳ ಕೆಲಸ.

ಬಿಳಿ ತೇಪೆಗಳು ಮೇಲಿಂದ ಹಾಸಿದ ಬಟ್ಟೆಯಿದ್ದಂತೆ, ಕೆಳಗಿನ ವಿನ್ಯಾಸವನ್ನು ಮುಚ್ಚುತ್ತವೆ. ನಡುವಿಗೆ ಪಂಚೆ ಸುತ್ತಿದಂತೆ ಬಿಳಿ ಪಟ್ಟಿ, ಹಣೆಯ ಚುಕ್ಕಿ, ಮೈತುಂಬ ತೇಪೆ ಎಲ್ಲ ಈ ಗುಂಪಿಗೆ ಸೇರಿದವು. ಕರಿ ಬಿಳಿ ಕೂದಲು ಎಳ್ಳು ಅಕ್ಕಿ ಬೆರೆಸಿದಂತೆ ಒಂದರಲ್ಲೊಂದು ಕೂಡಿದ್ದರೆ ಅದು ಬೇರೆಯೇ ಗುಂಪು, ಬೂದು. ಕಿವಿ ಮತ್ತು ಮೂತಿಗೆ ಮಾತ್ರ ಹಿಮ ಉದುರಿದಂತೆ ಬಿಳಿ ಹತ್ತುವುದೂ ಸಾಮಾನ್ಯ. ಕಪ್ಪು ಅಥವಾ ಕಂದು ಮೈಮೇಲೆ ನಾಣ್ಯದಷ್ಟೋ ಅಂಗೈಯಷ್ಟೋ ದುಂಡನೆ ತಿಳಿ ಮಚ್ಚೆಗಳು ಬಿದ್ದಿದ್ದರೆ ಅವನ್ನು ಚಂದ್ರಮಚ್ಚೆ ಎನ್ನಬಹುದು. ಇವು ಅಚ್ಚಬಿಳಿ ಅಲ್ಲ, ಬೂದಿ ಅಥವಾ ಗೋಧಿ ಬಣ್ಣದವು. ಬಕ್ರೀದ್ ಹೊತ್ತಿಗೆ ಅರ್ಧಚಂದ್ರದಂತಿರುವ ಮಚ್ಚೆಗೆ ಸಂತೆಯಲ್ಲಿ ಬೆಲೆ ಏರುವುದು ಬೇರೆ ಕತೆ. ಅದಕ್ಕೂ ಆಡಿನ ಗುಣಕ್ಕೂ ನಂಟಿಲ್ಲ.

ಗಿಡ್ಡ ಮೈಯ ಹಾಲಿನ ಆಡುಗಳಲ್ಲಿ ಈ ವೈವಿಧ್ಯ ಹೆಚ್ಚು. ಅಮೆರಿಕದಲ್ಲಿ ಸಾಕುವ, ಪಶ್ಚಿಮ ಆಫ್ರಿಕ ಮೂಲದ ನೈಜೀರಿಯನ್ ಡ್ವಾರ್ಫ್ ಹೆಣ್ಣಿನ ಎತ್ತರ ಸುಮಾರು 57 ಸೆಂ.ಮೀ. ಮೀರಬಾರದೆಂಬ ನಿಯಮವಿದೆ, ಬಣ್ಣಕ್ಕೆ ಮಾತ್ರ ಅಷ್ಟು ಕಟ್ಟುಪಾಡಿಲ್ಲ, ಆದ್ದರಿಂದ ಒಂದೇ ಸೂಲಿನ ಮೂರು ಮರಿ ಮೂರು ಬಣ್ಣದಲ್ಲಿ ಹುಟ್ಟಬಹುದು. ನಮ್ಮ ದೇಶದ ಗಿಡ್ಡ ಹಾಲಾಡು ಎಂದರೆ ಬಾರ್‌ಬರಿ. ಉತ್ತರ ಪ್ರದೇಶದ ಆಗ್ರಾ, ಮಥುರಾ, ಇಟಾ ಕಡೆಯದು. ಬಿಳಿ ಮೈಮೇಲೆ ತಿಳಿಕಂದು ಮಚ್ಚೆ, ನೆಟ್ಟಗೆ ನಿಂತ ಚಿಕ್ಕ ಕಿವಿ, ಥಟ್ಟನೆ ನೋಡಿದರೆ ಜಿಂಕೆಮರಿ. ಮಥುರಾ ಬಳಿಯ ಮಖ್ದೂಮಿನಲ್ಲಿ 1979ರಲ್ಲಿ ಶುರುವಾದ ಕೇಂದ್ರೀಯ ಆಡು ಸಂಶೋಧನಾ ಸಂಸ್ಥೆ ಈ ತಳಿಯನ್ನು ಕಾಪಾಡಿಕೊಂಡು ಬಂದಿದೆ. ಕರ್ನಾಟಕದಲ್ಲಿ ಗುರುತಾದ ತಳಿಗಳು ಇಷ್ಟು ಬಣ್ಣಬಣ್ಣದವಲ್ಲ: ನಂದಿದುರ್ಗ ಹೆಚ್ಚಾಗಿ ಬಿಳಿ, ಬೀದರಿ ಕರಿ.

ಸಾಕುವವರನ್ನು ಕಂಗೆಡಿಸುವ ಪ್ರಶ್ನೆ ಇದು: ತಾಯಿ ತಿಳಿಗೆಂಪು, ಹೋತವೂ ತಿಳಿಗೆಂಪು, ಮರಿ ಮಾತ್ರ ಕಡುಕಪ್ಪು. ಓಣಿಯಲ್ಲಿ ಪಕ್ಕದ ಮನೆಯ ಹೋತದ ಮೇಲೆ ಗುಮಾನಿ ಬೀಳುತ್ತದೆ. ಆದರೆ ಅಗೌಟಿಯ ರೂಪಗಳಲ್ಲಿ ಬಿಳಿ ಅಥವಾ ಕೆಂಪು ಮೈಯ ರೂಪ ಎಲ್ಲಕ್ಕಿಂತ ಪ್ರಬಲ, ಇಡೀ ಕರಿ ಮಾಡುವ ರೂಪ ಎಲ್ಲಕ್ಕಿಂತ ದುರ್ಬಲ. ತಂದೆತಾಯಿ ಇಬ್ಬರಲ್ಲೂ ಕರಿ ರೂಪ ಅಡಗಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಕರಿಯಾಗಬಹುದು. ಹೋತ ನಿರಪರಾಧಿ. ತಾಯಿಯಿಂದ ಒಂದು ವಿನ್ಯಾಸ, ತಂದೆಯಿಂದ ಇನ್ನೊಂದು ಬಂದಾಗ ಎರಡರ ತಿಳಿ ಭಾಗಗಳೂ ಮರಿಯ ಮೇಲೆ ಕಾಣುತ್ತವೆ. ಆಗ ಕರಿ ಉಳಿಯುವ ಜಾಗ ಕಡಿಮೆ.

ಬಣ್ಣ ನೋಡುವ ಹೊತ್ತೂ ಮುಖ್ಯ. ಬೆಳಗಿನ ಎಳೆಬಿಸಿಲಿಗೆ ಕಲ್ಲುಕಟ್ಟೆಯ ಮೇಲೆ ನಿಂತ ಕರಿ ಆಡನ್ನು ಬದಿಯಿಂದ ನೋಡಿದರೆ ಪಕ್ಕೆಯ ಕೂದಲ ತುದಿ ತುಕ್ಕಿನ ಬಣ್ಣಕ್ಕೆ ತಿರುಗಿರುವುದು ಕಾಣಬಹುದು. ಅದು ಬಿಸಿಲಿಗೆ ಮಾಸಿದ್ದು. ಬುಡದಲ್ಲಿ ಕರಿ ಹಾಗೆಯೇ ಇರುತ್ತದೆ. ಬುಡವೂ ಮಾಸಲಾಗಿ, ಕೂದಲು ಒರಟಾಗಿ, ಬಾಲದ ತುದಿ ಬೋಳಾದರೆ ತಾಮ್ರದ ಕೊರತೆ ಇರಬಹುದು. ಮೆಲನಿನ್ ಕಟ್ಟುವ ಕಿಣ್ವಕ್ಕೆ ತಾಮ್ರ ಬೇಕೇಬೇಕು. ಹಾಗೆಂದು ಕುರಿ ಆಡು ಕೂಡಿಯೇ ಇರುವ ಹಟ್ಟಿಯಲ್ಲಿ ತಾಮ್ರ ಬೆರೆಸಿದ ಖನಿಜಪುಡಿಯನ್ನು ಎಲ್ಲಕ್ಕೂ ಸಮನಾಗಿ ಇಡಬಾರದು. ಆಡಿಗೆ ಬೇಕಾದಷ್ಟು ತಾಮ್ರ ಕುರಿಗೆ ವಿಷವಾಗಬಹುದು. ಪಶುವೈದ್ಯರನ್ನು ಕೇಳಿಯೇ ಕೊಡಬೇಕು.

ಮರಿಯ ಬಣ್ಣವನ್ನು ಹುಟ್ಟಿದ ವಾರದಲ್ಲಿ ಬರೆದಿಟ್ಟು ಆರು ತಿಂಗಳಿಗೆ ಮತ್ತೊಮ್ಮೆ ಬರೆಯುವುದು ಒಳ್ಳೆಯದು. ಮೊದಲ ರೋಮ ಉದುರಿದ ಮೇಲೆ ಛಾಯೆ ಬದಲಾಗುತ್ತದೆ. ಬರೆಯುವ ಕ್ರಮ ಹೀಗಿರಲಿ: ಮೊದಲು ಮೂಲ ಬಣ್ಣ, ಆಮೇಲೆ ವಿನ್ಯಾಸ, ಕೊನೆಗೆ ಬಿಳಿ, ಜೊತೆಗೆ ಕೊರಳ ಮೊಲೆ ಉಂಟೋ ಇಲ್ಲವೋ, ಗೊರಸಿನ ಬಣ್ಣವೇನು. ‘ಕೆಂಪು, ಬೆನ್ನಿಗೆ ಕರಿಗೆರೆ, ಹಣೆಯಲ್ಲಿ ಚುಕ್ಕಿ, ಎಡ ಮಗ್ಗುಲಿಗೆ ಬಿಳಿ ತೇಪೆ, ಕೊರಳ ಮೊಲೆ ಎರಡು’ ಎಂದು ಬರೆದಿದ್ದರೆ ಕಿವಿಯೋಲೆಯ 12 ಅಂಕಿ ಬೇಲಿಗೆ ಸಿಕ್ಕಿ ಕಿತ್ತುಹೋದ ದಿನವೂ ಆಡು ಯಾರದೆಂದು ಹೇಳಬಹುದು.