ಸಹಿ ಹಾಕೋಕೆ ಬರ್ತದಾ?

1993ರ ಪಂಚಾಯತ್ ರಾಜ್ ಕಾಯ್ದೆ ಉಪಾಧ್ಯಕ್ಷನ ಕುರ್ಚಿಗೂ ಮೀಸಲಾತಿ ತಂದಿತು. ಮಾಕಳಿಯಂಥ ಊರುಗಳಲ್ಲಿ ನಮ್ಮ ಕೇರಿಯವರು ಆ ಕುರ್ಚಿಗೆ ನಿಂತರೆ ಏಳುವ ಮೊದಲ ಪ್ರಶ್ನೆ: 'ಇವರಿಗೆ ಸಹಿ ಹಾಕೋಕೆ ಬರ್ತದಾ?'

ಚರಿತ್ರೆ ನೋಡೋಣ. ಬಿ.ಡಿ. ಜತ್ತಿ ವಕೀಲರು, ಜಮಖಂಡಿ ಸಂಸ್ಥಾನದ ದಿವಾನರು, 1958ರಿಂದ 1962ರವರೆಗೆ ಮೈಸೂರಿನ ಮುಖ್ಯಮಂತ್ರಿ. 1974ರಲ್ಲಿ ಉಪರಾಷ್ಟ್ರಪತಿಯಾದರು. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು. ಏಪ್ರಿಲ್‌ನಲ್ಲಿ 9 ವಿಧಾನಸಭೆಗಳ ವಿಸರ್ಜನೆಯ ಕಾಗದ ಬಂತು. ಅಷ್ಟು ಅನುಭವಸ್ಥರ ಪೆನ್ನೂ ತಡೆಯಿತು. 30ರಂದು ಸಹಿ ಬಿತ್ತು.

ತಡೆದದ್ದು ಸರಿಯೋ ತಪ್ಪೋ, ಬೇರೆ ಮಾತು. ಆಗ ಅನುಮಾನ ಬಿದ್ದದ್ದು ಒಬ್ಬ ಮನುಷ್ಯನ ಮೇಲೆ. ನಮ್ಮಲ್ಲೊಬ್ಬರ ಪೆನ್ನು ತಡೆದರೆ ಅದು ಇಡೀ ಕೇರಿಯ ಮೇಲೆ ಬೀಳ್ತದೆ. ಪ್ರಶ್ನೆ ಕೇಳಲಿ, ಬೇಡ ಅನ್ನೋದಿಲ್ಲ. ಎಲ್ಲರನ್ನೂ ಕೇಳಲಿ.