ಹರೆಯದ ಹಾರ್ಮೋನು, ಮುಖದ ಎಲುಬು

ಲೈಂಗಿಕ ಹಾರ್ಮೋನುಗಳು ಎಲುಬಿಗೆ ಏನು ಮಾಡುತ್ತವೆ ಎಂದು ವಿಜ್ಞಾನ ಮೊದಲು ಕಲಿತದ್ದು ಅವು ಇಲ್ಲದ ದೇಹಗಳಿಂದ. 1849ರಲ್ಲಿ ಜರ್ಮನಿಯ ಆರ್ನಾಲ್ಡ್ ಬರ್ತೋಲ್ಡ್ ಎಳೆಯ ಹುಂಜಗಳ ವೃಷಣ ತೆಗೆದಾಗ ಜುಟ್ಟು ಬೆಳೆಯಲಿಲ್ಲ. ಹೊಟ್ಟೆಯೊಳಗೆ ಮತ್ತೆ ನೆಟ್ಟಾಗ ಬೆಳೆಯಿತು. ಮನುಷ್ಯರಲ್ಲಿ ಇಂಥ ಸಾಕ್ಷ್ಯ ಕೊಟ್ಟವರು, ದನಿ ಒಡೆಯದಿರಲೆಂದು ಬಾಲ್ಯದಲ್ಲೇ ಬೀಜ ತೆಗೆಸಿಕೊಂಡ ಇಟಲಿಯ ಗಾಯಕರು. ಅವರಲ್ಲಿ ಹೆಸರಾದ ಫಾರಿನೆಲ್ಲಿಯ ಸಮಾಧಿಯನ್ನು 2006ರಲ್ಲಿ ಬೊಲೊನ್ಯಾದಲ್ಲಿ ತೆರೆದರು. ಕೈಕಾಲಿನ ಎಲುಬುಗಳು ಉದ್ದವಾಗಿದ್ದವು. ಹಣೆಯ ಎಲುಬು ಒಳಬದಿಯಲ್ಲಿ ದಪ್ಪಗಟ್ಟಿತ್ತು. ಇದು ಸಾಮಾನ್ಯವಾಗಿ ಮುಟ್ಟು ನಿಂತ ಹೆಂಗಸರಲ್ಲಿ ಕಾಣುವ ಲಕ್ಷಣ.

1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರಸಾಯನಜ್ಞರು 100 ಕಿಲೋ ಹೋರಿ ವೃಷಣದಿಂದ ಸುಮಾರು 10 ಮಿಲಿಗ್ರಾಂ ಗಂಡು ಹಾರ್ಮೋನು, ಟೆಸ್ಟೋಸ್ಟೆರಾನ್, ಬೇರ್ಪಡಿಸಿದರು. ಅದಕ್ಕೂ ಮುಂಚೆ, 1931ರಲ್ಲಿ, ಅಮೆರಿಕದ ದಂತವೈದ್ಯ ಬ್ರಾಡ್‌ಬೆಂಟ್ ತಲೆಯನ್ನು ಅಲುಗದಂತೆ ಹಿಡಿದು ಎಕ್ಸ್-ರೇ ತೆಗೆಯುವ ವಿಧಾನ ರೂಪಿಸಿದ್ದರು. ಹೀಗೆ ಒಂದೇ ಮಗುವಿನ ದವಡೆಯನ್ನು ವರ್ಷದಿಂದ ವರ್ಷಕ್ಕೆ ಅಳೆಯುವುದು ಸಾಧ್ಯವಾಯಿತು. ವಿಚಿತ್ರವೆಂದರೆ, ರಕ್ತದಲ್ಲಿ ಹಾರ್ಮೋನು ನೋಡುವವರೂ ದವಡೆ ಅಳೆಯುವವರೂ ಬಹುಕಾಲ ತಮ್ಮ ತಮ್ಮ ಪಾಡಿಗೇ ಇದ್ದರು.

ಗಂಡಿನ ಎಲುಬಿಗೆ ಗಂಡು ಹಾರ್ಮೋನು, ಹೆಣ್ಣಿನದಕ್ಕೆ ಹೆಣ್ಣು ಹಾರ್ಮೋನು ಎಂಬ ಸಲೀಸಾದ ಲೆಕ್ಕ 1994ರಲ್ಲಿ ಕೆಟ್ಟಿತು. 28 ವರ್ಷದ, 204 ಸೆಂಟಿಮೀಟರ್ ಎತ್ತರದ ಒಬ್ಬನಿಗೆ ಟೆಸ್ಟೋಸ್ಟೆರಾನ್ ಸರಿಯಾಗಿಯೇ ಇತ್ತು. ಹೆಣ್ಣು ಹಾರ್ಮೋನಾದ ಈಸ್ಟ್ರೋಜೆನ್ನಿಗೆ ಸ್ಪಂದಿಸುವ ಗ್ರಾಹಕ ಮಾತ್ರ ಕೆಲಸ ಮಾಡುತ್ತಿರಲಿಲ್ಲ. ಅವನ ಎಲುಬಿನ ತುದಿಗಳ ಬೆಳವಣಿಗೆಯ ತಟ್ಟೆಗಳು ಇನ್ನೂ ಮುಚ್ಚಿರಲಿಲ್ಲ, ಅಂದರೆ ಬೆಳವಣಿಗೆ ನಿಂತಿರಲಿಲ್ಲ. ಗಂಡಸಿನಲ್ಲೂ ಟೆಸ್ಟೋಸ್ಟೆರಾನಿನ ಒಂದು ಪಾಲು ಈಸ್ಟ್ರೋಜೆನ್ ಆಗಿ ಮಾರ್ಪಟ್ಟು ಬೆಳವಣಿಗೆಗೆ ತೆರೆ ಎಳೆಯುತ್ತದೆ.

ಆದರೆ ಮುಖದ ಕತೆ ಕಾಲಿನ ಕತೆಯಲ್ಲ. ಕೆಳದವಡೆಯಲ್ಲಿ ಉದ್ದ ಎಲುಬಿನಂಥ ಬೆಳವಣಿಗೆಯ ತಟ್ಟೆ ಇಲ್ಲ. ಕಿವಿಯ ಮುಂದಿನ ಕೀಲಿನಲ್ಲಿರುವ ಮೃದ್ವಸ್ಥಿ ಅದನ್ನು ಉದ್ದ ಮಾಡುತ್ತದೆ. ಉಳಿದ ಆಕಾರ ಬರುವುದು ಎಲುಬಿನ ಮೇಲ್ಮೈ ಒಂದೆಡೆ ಕೂಡುತ್ತ ಇನ್ನೊಂದೆಡೆ ಕರಗುತ್ತ. ಹಾಗಾಗಿ 1999ರಲ್ಲಿ ಬೆಲ್ಜಿಯಂನಿಂದ ಬಂದ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಹರೆಯ ತಡವಾದ ಹುಡುಗರಿಗೆ ಸಣ್ಣ ಪ್ರಮಾಣದಲ್ಲಿ ಟೆಸ್ಟೋಸ್ಟೆರಾನ್ ಕೊಟ್ಟಾಗ ಅವರ ಕೆಳದವಡೆ, ಅದರಲ್ಲೂ ಕಿವಿಯತ್ತ ಏರುವ ಭಾಗ, ಚುರುಕಾಗಿ ಬೆಳೆಯಿತು. ಇದರಲ್ಲಿ ಟೆಸ್ಟೋಸ್ಟೆರಾನಿನ ನೇರ ಪಾಲೆಷ್ಟು, ಅದು ಹೆಚ್ಚಿಸುವ ಬೆಳವಣಿಗೆಯ ಹಾರ್ಮೋನಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಇಲಿಗಳ ಪ್ರಯೋಗಗಳು ತೊಡಕನ್ನು ಹೆಚ್ಚಿಸಿವೆ: ವೃಷಣ ತೆಗೆದರೂ ಅಂಡಾಶಯ ತೆಗೆದರೂ ದವಡೆ ಕುಂಠಿತವಾಗುತ್ತದೆ.

ಈ ನಡುವೆ ಮನೋವಿಜ್ಞಾನಿಗಳು ಆತುರಪಟ್ಟರು. ಮುಖದ ಅಗಲ-ಎತ್ತರದ ಅನುಪಾತ ಹರೆಯದಲ್ಲಿ ಗಂಡು-ಹೆಣ್ಣುಗಳ ನಡುವೆ ಬೇರೆಯಾಗುತ್ತದೆ ಎಂದು 2007ರಲ್ಲಿ ಒಂದು ಪ್ರಬಂಧ ಬಂದದ್ದೇ ತಡ, ಅಗಲ ಮುಖದಲ್ಲಿ ಟೆಸ್ಟೋಸ್ಟೆರಾನನ್ನೂ ಜಗಳಗಂಟತನವನ್ನೂ ಓದತೊಡಗಿದರು. ಬೇರೆ ತಂಡಗಳಿಗೆ ಆ ವ್ಯತ್ಯಾಸವೇ ಸಿಗಲಿಲ್ಲ. 2016ರಲ್ಲಿ ಬೊಲಿವಿಯಾದ ತ್ಸಿಮಾನೆ ಹುಡುಗರಲ್ಲಿ ನೋಡಿದಾಗ ಅನುಪಾತಕ್ಕೂ ಹಾರ್ಮೋನಿಗೂ ನಂಟು ಕಾಣಲಿಲ್ಲ. ‘ಗಂಡಸಿನ ದವಡೆ’ ಮಾಡಿಕೊಡುತ್ತೇವೆನ್ನುವ ವಿಡಿಯೋಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಹರೆಯವೊಂದರ ಮೇಲೇ ಎಲ್ಲವನ್ನೂ ಹೊರಿಸಲೂ ಆಗದು: ಆಸ್ಟ್ರೇಲಿಯಾದ ಪರ್ತ್‌ನಲ್ಲಿ 2015ರ ಅಧ್ಯಯನವೊಂದು ಹೊಕ್ಕುಳಬಳ್ಳಿಯ ರಕ್ತದ ಟೆಸ್ಟೋಸ್ಟೆರಾನಿಗೂ ದೊಡ್ಡವರಾದ ಮೇಲಿನ ಮುಖಕ್ಕೂ ಸಂಬಂಧ ಕಂಡಿತು.

ಇಷ್ಟರಲ್ಲಿ ಚಿಕಿತ್ಸೆಗೆ ನಿಜವಾಗಿ ದಕ್ಕಿದ್ದು ಸಮಯದ ಅರಿವು. ಕೆಳದವಡೆಯ ಬೆಳವಣಿಗೆ ಹುಡುಗಿಯರಲ್ಲಿ 12ರ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ ತುರುಸಾಗುತ್ತದೆ. ಹಿಂದೆ ಸರಿದ ದವಡೆಯನ್ನು ಮುಂದಕ್ಕೆ ತರುವ ಸಾಧನ ಹಾಕಲು ಅದೇ ಹದ. ಆ ಹದವನ್ನು ದಂತವೈದ್ಯರು ಇವತ್ತಿಗೂ ಗುರುತಿಸುವುದು ಹೆಚ್ಚಾಗಿ ಮಣಿಕಟ್ಟಿನ ಅಥವಾ ಕುತ್ತಿಗೆಯ ಎಲುಬುಗಳ ಎಕ್ಸ್-ರೇ ನೋಡಿ. ಹಾರ್ಮೋನಿನ ರಕ್ತಪರೀಕ್ಷೆ ಅವರ ಮೇಜಿಗೆ ಇನ್ನೂ ಬಂದಿಲ್ಲ.